134 ಕಿಲೋ ಮೈ, ಹಗ್ಗದ ಮೇಲಿಂದ ಲಾಗ: ಬೇಕೇ, ಬೇಡವೇ?

ಪರ: ಹಾರಲಿ ಬಿಡಿ

ಅಮೆರಿಕದ ವೃತ್ತಿಪರ ಕುಸ್ತಿಪಟು, 134 ಕಿಲೋ ತೂಕದ ಬ್ರಾಕ್ ಲೆಸ್ನರ್ ಎಂದರೆ ಬಹಳ ಜನಕ್ಕೆ ನೆನಪಾಗುವುದು 2003ರಲ್ಲಿ ಸಿಯಾಟಲ್‌ನಲ್ಲಿ ನಡೆದ ರೆಸಲ್‌ಮೇನಿಯಾ ಎಂಬ ವಾರ್ಷಿಕ ಕುಸ್ತಿ ಮೇಳದಲ್ಲಿ, ಕರ್ಟ್ ಆಂಗಲ್ ಎದುರಿನ ಪಂದ್ಯದಲ್ಲಿ ಹಗ್ಗದ ಮೇಲಿಂದ ಲಾಗ ಹಾಕಲು ಹೋಗಿ ತಲೆಕೆಳಗಾಗಿ ಬಿದ್ದದ್ದು. ಅದಕ್ಕೂ ಮುಂಚೆ ಲೂಯಿವಿಲ್‌ನ ಓವಿಡಬ್ಲ್ಯು ಎಂಬ ಕುಸ್ತಿ ಕಂಪನಿಯಲ್ಲಿ ಪಳಗುತ್ತಿದ್ದಾಗ ಅದೇ ಲಾಗವನ್ನು, ಅಂದರೆ ಶೂಟಿಂಗ್ ಸ್ಟಾರ್ ಪ್ರೆಸ್ಸನ್ನು, ಅವನು ಸಲೀಸಾಗಿ ಹಾಕುತ್ತಿದ್ದದ್ದನ್ನು ಯಾರೂ ಎತ್ತುವುದಿಲ್ಲ.

ಈ ವರಸೆಗೆ ಎದುರಾಳಿಯ ಕಡೆ ಮುಖ ಮಾಡಿ ಮೇಲಿನ ಹಗ್ಗ ಹತ್ತಬೇಕು. ಮುಂದಕ್ಕೆ ಜಿಗಿದು, ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕಿ, ಮಲಗಿದವನ ಮೇಲೆ ಎದೆಯೂರಿ ಅಡ್ಡಲಾಗಿ ಇಳಿಯಬೇಕು. ಸಣ್ಣ ಮೈಯವರು ಹಾಕಿದರೆ ಅದು ಅಂದದ ಕಸರತ್ತು. ಎತ್ತಿನಂಥ ಮೈಯವನು ಹಾಕಿದರೆ ಜನ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಬರೀ ಮಾಂಸಖಂಡ ನೋಡಲು ದೇಹದಾರ್ಢ್ಯ ಸ್ಪರ್ಧೆಗಳಿವೆ.

ಕುಸ್ತಿಪಟುಗಳಾದ ಬ್ಯಾಮ್ ಬ್ಯಾಮ್ ಬಿಗೆಲೋ, ವೇಡರ್ ಇಬ್ಬರೂ ಲೆಸ್ನರ್‌ಗಿಂತ ಭಾರ. ಇಬ್ಬರೂ ಎದುರಾಳಿಗೆ ಬೆನ್ನು ಮಾಡಿ ಹಗ್ಗದಿಂದ ಹಿಂದಕ್ಕೆ ಲಾಗ ಹೊಡೆಯುವ ಮೂನ್‌ಸಾಲ್ಟ್ ಹಾಕುತ್ತಿದ್ದರು. ಸಿಯಾಟಲ್‌ನಲ್ಲಿ ಕೈಕೊಟ್ಟದ್ದು ತೂಕವಲ್ಲ, ದೂರ. ಕರ್ಟ್ ಆಂಗಲ್ ಮೂಲೆಯಿಂದ ತೀರ ಆಚೆ ಬಿದ್ದಿದ್ದ. ಎರಡು ಹೆಜ್ಜೆ ಈಚೆಗೆ ಎಳೆದುಕೊಂಡಿದ್ದರೆ ಸಾಕಿತ್ತು.

ಕುತ್ತಿಗೆಯ ಮಾತು ಎದುರು ಪಕ್ಷದವರು ಹೇಗೂ ತೆಗೆಯುತ್ತಾರೆ. ಅಪಾಯವೇ ಬೇಡ ಎನ್ನುವವರು ಕೇರಂ ಆಡಬಹುದು. ವಾರವಾರವೂ ಹಾಕಲಿ ಎಂದು ನಾನೂ ಹೇಳಲಾರೆ. ಹಬ್ಬಕ್ಕೊಂದು ಸಲ, ದೊಡ್ಡ ಪಂದ್ಯದಲ್ಲಿ ಹಾಕಿದರೆ ತಪ್ಪೇನು?

ವಿರೋಧ: ಕಾಲು ನೆಲದ ಮೇಲಿರಲಿ

ಹಬ್ಬಕ್ಕೊಂದು ಸಲ ಎನ್ನುವುದೇ ಎಡವಟ್ಟು. ದಿನಾ ಹಾಕುವವನಿಗೆ ಹಗ್ಗದ ಅಳತೆ ಕಾಲಿಗೇ ಗೊತ್ತಿರುತ್ತದೆ. ಅಪರೂಪಕ್ಕೆ ಹತ್ತಿದವನು ಅಂದಾಜಿನ ಮೇಲೆ ಹಾರುತ್ತಾನೆ.

ಲೆಕ್ಕ ನೋಡಿ. ಮುಂದಕ್ಕೂ ಸಾಗಬೇಕು, ಹಿಂದಕ್ಕೂ ತಿರುಗಬೇಕು. ಎರಡಕ್ಕೂ ಬಂಡವಾಳ ಕಾಲಿನ ಒಂದೇ ಒದೆತ. ದೂರಕ್ಕೆ ಹೆಚ್ಚು ಖರ್ಚಾದರೆ ತಿರುವಿಗೆ ಕಡಿಮೆ ಬೀಳುತ್ತದೆ. ನಿಂತದ್ದು ಗಟ್ಟಿ ನೆಲವೂ ಅಲ್ಲ, ಅಲುಗುವ ಹಗ್ಗ. 134 ಕಿಲೋ ಏರಿದರೆ ಅದು ಇನ್ನಷ್ಟು ಜಗ್ಗುತ್ತದೆ, ಒದೆತದ ಬಲವನ್ನು ತಾನೇ ನುಂಗುತ್ತದೆ. ಎದೆಯ ಮೇಲೆ ಇಳಿಯಲು ಮುಕ್ಕಾಲು ಸುತ್ತು ಬೇಕು. ಅರ್ಧ ದಾಟಿ ನಿಂತರೆ ಮೊದಲು ನೆಲ ಮುಟ್ಟುವುದು ಹಣೆ, ಅದರ ಹಿಂದೆ ಇಡೀ ಮೈಯ ಭಾರ ಕುತ್ತಿಗೆಯ ಮೇಲೆ. ರಿಂಗ್ ಮೆತ್ತಗಿರುತ್ತದೆ ಎಂಬುದು ಟಿವಿಯಲ್ಲಿ ನೋಡುವವರ ಭ್ರಮೆ: ಉಕ್ಕಿನ ತೊಲೆ, ಮರದ ಹಲಗೆ, ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್, ಅಷ್ಟೇ.

ಸಿಯಾಟಲ್‌ನಲ್ಲಿ ಲೆಸ್ನರ್ ತನ್ನ ಎಫ್-5 (ಹೆಗಲ ಮೇಲೆ ಹೊತ್ತು ತಿರುಗಿಸಿ ಎಸೆಯುವ ಪಟ್ಟು) ಹಾಕಿ ಆಂಗಲ್‌ನನ್ನು ಕೆಡವಿ ಆಗಿತ್ತು. ಅಲ್ಲೇ ಭುಜ ನೆಲಕ್ಕೊತ್ತಿ ಪಿನ್ ಮಾಡಿ ಗೆಲ್ಲುವುದು ಬಿಟ್ಟು ಹಗ್ಗ ಹತ್ತಿದ, ತಲೆಯೂರಿ ಬಿದ್ದ, ಮೆದುಳಿಗೆ ಪೆಟ್ಟಾಯಿತು. ಆ ಮಂಪರಿನಲ್ಲೇ ಇನ್ನೊಂದು ಎಫ್-5 ಹಾಕಿ ಗೆದ್ದ. ಹಾಗಾದರೆ ಲಾಗದಿಂದ ಸಿಕ್ಕಿದ್ದೇನು? ಅದನ್ನು ‘ದೂರದ ತಪ್ಪು’ ಎನ್ನುವುದು, ಈಜು ಬಾರದವನು ಮುಳುಗಿದಾಗ ಕೆರೆಯನ್ನು ಬೈದಂತೆ.

ಮೂನ್‌ಸಾಲ್ಟ್‌ನ ಉದಾಹರಣೆ ಕೊಡುವವರು ಅದನ್ನೇ ಹಾಕುತ್ತಿದ್ದ ಜಪಾನಿನ ಕುಸ್ತಿಪಟು ಕೇಜಿ ಮುಟೊನ ಮಂಡಿಗಳನ್ನು ಮರೆತಿದ್ದಾರೆ. ಎದೆ ಎದುರಾಳಿಯ ಮೇಲೆ ಬಿದ್ದರೂ ಮಂಡಿ ಬಡಿಯುವುದು ಹಲಗೆಗೆ. ವರ್ಷಗಟ್ಟಲೆ ಬಡಿಸಿಕೊಂಡ ಮುಟೊ 2018ರಲ್ಲಿ ಎರಡೂ ಮಂಡಿಗೆ ಕೃತಕ ಕೀಲು ಹಾಕಿಸಿಕೊಳ್ಳಬೇಕಾಯಿತು.

ಚುರುಕು ಎಂದರೆ ಹಾರುವುದೇ ಎಂದುಕೊಂಡವರಿಗೆ ಲೆಸ್ನರ್‌ನ ಸೊಂಟ ಕಾಣುವುದಿಲ್ಲ. 2000ದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪರ ಅಮೆರಿಕದ ಕಾಲೇಜು ಕುಸ್ತಿಯ ಎನ್‌ಸಿಎಎ ಹೆವಿವೇಟ್ ಪ್ರಶಸ್ತಿ ಗೆದ್ದ ಕುಸ್ತಿಪಟು ಅವನು. ಅವನ ಜರ್ಮನ್ ಸುಪ್ಲೆಕ್ಸ್ ನೋಡಿ: ಹಿಂದಿನಿಂದ ನಡು ತಬ್ಬಿ ಕೈ ಕಟ್ಟುತ್ತಾನೆ, ಮಂಡಿ ಬಗ್ಗಿಸಿ ತನ್ನ ಸೊಂಟವನ್ನು ಎದುರಾಳಿಯ ಸೊಂಟಕ್ಕಿಂತ ಕೆಳಗೆ ತರುತ್ತಾನೆ, ಆಮೇಲೆ ಒಂದೇ ಏಟಿಗೆ ಸೊಂಟ ಮುಂದೆ ತಳ್ಳಿ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತಾನೆ. ಎತ್ತುವುದು ಸೊಂಟ, ತೋಳಿನಿಂದ ಎತ್ತಲು ಹೋದವನು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಾನೆ. ಬೀಳುವವನು ಗಲ್ಲವನ್ನು ಎದೆಗೆ ಒತ್ತಿಕೊಂಡು ಬೆನ್ನಿನ ಮೇಲ್ಭಾಗದಲ್ಲಿ ಬೀಳಬೇಕು, ಇಲ್ಲದಿದ್ದರೆ ಇಲ್ಲೂ ಕುತ್ತಿಗೆಗೇ ಪೆಟ್ಟು. ಅಪಾಯ ಇದೆ, ಆದರೆ ಹಾಕುವವನ ಎರಡೂ ಪಾದ ನೆಲದಲ್ಲಿವೆ, ಹಿಡಿತ ಅವನ ಕೈಯಲ್ಲಿದೆ.

2014ರ ಸಮ್ಮರ್‌ಸ್ಲ್ಯಾಮ್ ಎಂಬ ಇನ್ನೊಂದು ಕುಸ್ತಿ ಮೇಳದಲ್ಲಿ ಜಾನ್ ಸೀನಾಗೆ ಹೀಗೆ 16 ಸಲ ಹಾಕಿದ. ಅದೇ ವರ್ಷದ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ 21 ಗೆಲುವುಗಳ ಸರಣಿಗೆ ಕೊನೆ ಹಾಡಿದ್ದು ಎಫ್-5. ಎರಡು ಪಂದ್ಯದಲ್ಲೂ ಅವನಿಗೆ ಲಾಗದ ಅಗತ್ಯ ಬೀಳಲಿಲ್ಲ.