ಐದು ಸಾವಿರಕ್ಕೆ ಕ್ಯಾಮೆರಾ ಬೇಕಾ? ಮೆಗಾಪಿಕ್ಸೆಲ್ ಕಡೆ ನೋಡಬೇಡಿ

"ಐದು ಸಾವಿರದೊಳಗೆ ಒಂದು ಚಿಕ್ಕ ಡಿಜಿಟಲ್ ಕ್ಯಾಮೆರಾ ಹೇಳಿ, ಮಗಳು ಕೇಳ್ತಿದ್ದಾಳೆ" ಅನ್ನುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಜೊತೆಗೇ ಒಂದು ಲಿಂಕ್ ಕೂಡ ಬರುತ್ತದೆ. ತೆರೆದರೆ ಹೆಸರೇ ಕೇಳಿರದ ಕಂಪನಿ, 48 ಮೆಗಾಪಿಕ್ಸೆಲ್, 16ಎಕ್ಸ್ ಝೂಮ್, ಪೌಚ್ ಬೇರೆ ಫ್ರೀ. ಎಲ್ಲರಿಗೂ ನಾನು ಹೇಳುವುದು ಒಂದೇ: ಅದು ಬೇಡ. ಅದೇ ದುಡ್ಡಿಗೆ ಹಳೇ ಕ್ಯಾನನ್ನೋ, ನಿಕಾನೋ, ಸೋನಿಯೋ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.

ಒಂದು ಮೆಗಾಪಿಕ್ಸೆಲ್ ಅಂದರೆ ಫೋಟೊದಲ್ಲಿ ಹತ್ತು ಲಕ್ಷ ಚುಕ್ಕಿ. ಆ 48 ಅನ್ನುವುದು ಬಹುಪಾಲು ಡಬ್ಬದ ಮೇಲಿನ ಅಂಕಿ ಅಷ್ಟೇ. ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ತೆಗೆದ ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡುತ್ತದೆ. ಫೈಲ್ ಊದಿಕೊಳ್ಳುತ್ತದೆ, ಕಾಣುವುದು ಮಾತ್ರ ಮೊದಲಿನಷ್ಟೇ. ಝೂಮ್ ಕಥೆಯೂ ಹಾಗೇ. 'ಡಿಜಿಟಲ್ ಝೂಮ್' ಅಂದರೆ ಫೋಟೊದ ನಡುಭಾಗ ಕತ್ತರಿಸಿ ಹಿಗ್ಗಿಸುವುದು. ಲೆನ್ಸ್ ಮುಂದೆ ಹಿಂದೆ ಸರಿಯುವ ಆಪ್ಟಿಕಲ್ ಝೂಮ್ ಬರೀ 3ಎಕ್ಸ್ ಇದ್ದರೂ ಸಾಕು, ಸ್ಕೂಲ್ ಡೇ ದಿನ ಹಿಂದಿನ ಸಾಲಲ್ಲಿ ಕೂತವರಿಗೆ ಇದು ಅರ್ಥವಾಗುತ್ತದೆ. ಇನ್ನು ಫ್ಲ್ಯಾಶ್. ಅಗ್ಗದ ಹೊಸ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು ಟಾರ್ಚ್ ತರದ ಎಲ್‌ಇಡಿ. ಹಳೇ ಕ್ಯಾಮೆರಾಗಳ ಕ್ಸೆನಾನ್ ಫ್ಲ್ಯಾಶ್ ಫಳ್ ಅಂತ ಹೊಡೆದರೆ ಓಡಾಡುವ ಮಗುವೂ ಅಲುಗದೆ ಸಿಗುತ್ತದೆ.

ಅಷ್ಟಕ್ಕೂ ಎಷ್ಟು ಮೆಗಾಪಿಕ್ಸೆಲ್ ಬೇಕು? ಸ್ಟುಡಿಯೊದಲ್ಲಿ ಹಾಕಿಸುವ 6x4 ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿ ಅಂತ ಲೆಕ್ಕ ಹಾಕಿದರೂ 1800x1200, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ.

ನನ್ನ ಮೆಚ್ಚಿನದು 2007ರ ಕ್ಯಾನನ್ ಪವರ್‌ಶಾಟ್ ಎ570 ಐಎಸ್. 7.1 ಮೆಗಾಪಿಕ್ಸೆಲ್, 4ಎಕ್ಸ್ ಆಪ್ಟಿಕಲ್ ಝೂಮ್, ಕೈ ನಡುಗಿದರೆ ಸರಿಪಡಿಸುವ ಸ್ಟೆಬಿಲೈಸರ್, ಬಿಸಿಲಲ್ಲಿ ಪರದೆ ಕಾಣದಾಗ ಕಣ್ಣಿಟ್ಟು ನೋಡಲು ಪುಟ್ಟ ಕಿಂಡಿ. ಎಲ್ಲಕ್ಕಿಂತ ಮುಖ್ಯ, ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಎರಡು ಹಾಕಿದರೆ ಓಡುತ್ತದೆ. ಹಳೇ ಕ್ಯಾಮೆರಾಗಳ ದೊಡ್ಡ ರಗಳೆ ಬ್ಯಾಟರಿಯೇ ಅಲ್ವಾ?

ಕೊಳ್ಳುವಾಗ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಕೈಯಲ್ಲಿ ಹಿಡಿದು ನೋಡಿ. ಸೆಲ್ ಮುಚ್ಚಳ ತೆಗೆದು ಒಳಗಿನ ಸ್ಪ್ರಿಂಗ್ ಹಸಿರುಗಟ್ಟಿದೆಯಾ ನೋಡಿ. ಮುಚ್ಚಳದ ಕೊಕ್ಕೆ ಮುರಿದಿದ್ದರೆ ಜನ ಟೇಪ್ ಸುತ್ತಿ ಮಾರುತ್ತಾರೆ. ಆನ್ ಮಾಡಿದಾಗ ಲೆನ್ಸ್ ತಡವರಿಸದೆ ಹೊರಬರಬೇಕು. ಕರಕರ ಸದ್ದು ಬಂದರೆ ಒಳಗೆ ಮರಳು ಸೇರಿರಬಹುದು, ಅಲ್ಲೇ ವಾಪಸ್ ಕೊಡಿ. ಪೂರ್ತಿ ಝೂಮ್ ಮಾಡಿ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಬೂದು ಬಣ್ಣದ ಮಚ್ಚೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ ಅಂತ. ಪ್ರತಿ ಸಲ ತಾರೀಕು ಕೇಳಿದರೆ ಮಾತ್ರ ಹೆದರಬೇಡಿ, ಅದು ಹೆಚ್ಚಾಗಿ ಒಳಗಿನ ಬಟನ್ ಸೆಲ್ ಸತ್ತಿರುವುದರಿಂದ.

ಮೆಮೊರಿ ಕಾರ್ಡ್ ಕೂಡ ವಿಚಾರಿಸಿ. ಹಳೇ ಒಲಿಂಪಸ್, ಫ್ಯೂಜಿಗಳ ಎಕ್ಸ್‌ಡಿ ಕಾರ್ಡ್ ಹುಡುಕಿಕೊಂಡು ಅಲೆಯುವುದು ಯಾರಿಗೆ ಬೇಕು? ಎಸ್‌ಡಿ ಕಾರ್ಡ್ ಇರುವುದನ್ನೇ ತಗೊಳ್ಳಿ. ಅದರಲ್ಲೂ 2006ಕ್ಕಿಂತ ಹಿಂದಿನವು ಬಹಳಷ್ಟು 2 ಜಿಬಿ ಮೇಲಿನ ಕಾರ್ಡ್ ಓದುವುದಿಲ್ಲ.

ಹೊಸದೇ ಬೇಕು ಅನ್ನುವವರಿಗೆ ಕೊಡಕ್ ಪಿಕ್ಸ್‌ಪ್ರೊ ಎಫ್‌ಝಡ್45 ಇದೆ. 4ಎಕ್ಸ್ ಆಪ್ಟಿಕಲ್ ಝೂಮ್, ಇದಕ್ಕೂ ಎಎ ಸೆಲ್. ಕೊಡಕ್ ಹೆಸರಿನ ಪರವಾನಗಿ ಪಡೆದು ಜೆಕೆ ಇಮೇಜಿಂಗ್ ಮಾರುವ ಕ್ಯಾಮೆರಾ ಅದು. ಆದರೆ ಐದು ಸಾವಿರಕ್ಕೆ ಸಿಗುವುದಿಲ್ಲ.

ಹಾಗಂತ ಹಳೇ ಕ್ಯಾಮೆರಾ ಫೋನಿಗಿಂತ ಎಲ್ಲದರಲ್ಲೂ ಮೇಲು ಅಂತ ನಾನು ಹೇಳುತ್ತಿಲ್ಲ. ಫ್ಲ್ಯಾಶ್ ಇಲ್ಲದೆ ರಾತ್ರಿ ಹೊತ್ತು ತೆಗೆದರೆ ಇವತ್ತಿನ ಸಾಧಾರಣ ಫೋನ್ ಕೂಡ ಇದನ್ನು ಸೋಲಿಸುತ್ತದೆ. ಆದರೆ ಹತ್ತು ವರ್ಷದ ಹುಡುಗಿಯ ಕೈಗೆ ರೀಲ್ಸ್ ಇಲ್ಲದ, ನೋಟಿಫಿಕೇಶನ್ ಬರದ ಒಂದು ವಸ್ತು ಕೊಡಬಹುದಲ್ಲ, ನನಗೆ ಅದೇ ದೊಡ್ಡದು. ಉಳಿದ ದುಡ್ಡಿಗೆ ರೀಚಾರ್ಜ್ ಮಾಡಬಹುದಾದ ನಿಕಲ್ ಸೆಲ್ ನಾಲ್ಕು, ಒಂದು ಚಾರ್ಜರ್ ತಗೊಳ್ಳಿ. ಎರಡು ಕ್ಯಾಮೆರಾದಲ್ಲಿ, ಎರಡು ಬ್ಯಾಗಲ್ಲಿ. ಮಾಮೂಲಿ ಸೆಲ್ ಹಾಕಿ ಫ್ಲ್ಯಾಶ್ ಹೊಡೆಯುತ್ತಾ ಹೋದರೆ ಮದುವೆ ಮನೆಯಲ್ಲಿ ಊಟದ ಹೊತ್ತಿಗೇ ಕೈ ಕೊಡುತ್ತವೆ.