ಮೂರು ನಿಮಿಷದಲ್ಲಿ ಮೊದಲು ಏನು ಕೇಳಬೇಕು?

ಹೋದ ತಿಂಗಳು ಬೆಂಗಳೂರಿನಲ್ಲಿ ಆರೋಗ್ಯ ಮನೋವಿಜ್ಞಾನದ ಒಂದು ಕಾನ್ಫರೆನ್ಸ್ ಇತ್ತು. ಎರಡು ದಿನದ್ದು. ಎರಡು ಸಿಎಲ್ ಹಾಕಿ, ನಾಲ್ಕೂವರೆ ಸಾವಿರ ಕೈಯಿಂದ ಕಟ್ಟಿ, ಬೆಳಗಿನ ಜಾವ 5 ಗಂಟೆ ಬಸ್ಸಿಗೆ ಹೊರಟು ಹೋಗಿದ್ದೆ. ಬಂದಾಗಿನಿಂದ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ, ಬರೆದೇಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಪುರಸೊತ್ತಿದ್ದಾಗ ಓದಿ.

ನಾನು ತಾಲ್ಲೂಕು ಆಸ್ಪತ್ರೆಯೊಂದರ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಕೌನ್ಸೆಲರ್. ಬಿಪಿ, ಶುಗರ್ ಇರುವವರು ಬರುವ ಕ್ಲಿನಿಕ್ ಅದು. ಡಾಕ್ಟರ್ ನೋಡಿ ಕಳಿಸಿದ ಮೇಲೆ ಚೀಟಿ ಹಿಡಿದು ನನ್ನ ಟೇಬಲ್‌ಗೆ ಬರುತ್ತಾರೆ. ಮಾತ್ರೆ, ಊಟ, ನಡಿಗೆ, ಬೀಡಿ, ಕುಡಿತ, ನಿದ್ದೆ, ಸೊಸೆ ಜೊತೆ ಜಗಳ ಎಲ್ಲ ನನ್ನ ಹತ್ತಿರವೇ. ಆರೋಗ್ಯ ಮನೋವಿಜ್ಞಾನ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮಾತ್ರೆ ಬರೆದುಕೊಡುವುದಕ್ಕೂ ಆ ಮಾತ್ರೆ ರೋಗಿಯ ಹೊಟ್ಟೆ ಸೇರುವುದಕ್ಕೂ ನಡುವೆ ಒಂದು ದಾರಿ ಇದೆಯಲ್ಲ, ಆ ದಾರಿಯಲ್ಲಿ ಏನೇನು ನಡೆಯುತ್ತದೆ ಅಂತ ನೋಡುವ ಕೆಲಸ. ಅಮೆರಿಕದಲ್ಲಿ ಜಾರ್ಜ್ ಎಂಗೆಲ್ ಅಂತ ಒಬ್ಬ ವೈದ್ಯರಿದ್ದರು. ಕಾಯಿಲೆಯನ್ನು ಬರೀ ದೇಹದ ಲೆಕ್ಕದಲ್ಲಿ ನೋಡಿದರೆ ಸಾಲದು, ಮನಸ್ಸು, ಮನೆ, ಸಮಾಜ ಮೂರನ್ನೂ ಸೇರಿಸಿ ನೋಡಬೇಕು ಅಂತ 1977ರಲ್ಲೇ ಅವರು ಬರೆದರು. ಮರುವರ್ಷವೇ ಅಲ್ಲಿನ ಮನೋವಿಜ್ಞಾನಿಗಳ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ ಅಂತಲೇ ಪ್ರತ್ಯೇಕ ವಿಭಾಗ ಶುರುವಾಯಿತು.

ಕಾನ್ಫರೆನ್ಸ್ ಚೆನ್ನಾಗಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಕಲಿತದ್ದು ಬೇಕಾದಷ್ಟಿದೆ, ಅದನ್ನೂ ಕೆಳಗೆ ಬರೆಯುತ್ತೇನೆ. ಆದರೆ ಮೊದಲನೇ ದಿನ ಮಧ್ಯಾಹ್ನ ನಡೆದ ಒಂದು ವಿಷಯ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಮಧುಮೇಹಿಗಳ ಜೊತೆ ಮಾತಾಡುವುದು ಹೇಗೆ ಅನ್ನುವ ಸೆಷನ್ ಮುಗಿದಿತ್ತು. ಪ್ರಶ್ನೆ ಕೇಳಬಹುದು ಅಂದರು. ಹಿಂದಿನ ಸಾಲಿನಿಂದ ಒಬ್ಬ ನರ್ಸ್ ಎದ್ದು ನಿಂತರು. ಐವತ್ತರ ಹತ್ತಿರದ ವಯಸ್ಸು, ಉತ್ತರ ಕರ್ನಾಟಕದ ಕಡೆಯವರು, ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ನಾಲ್ಕಾಗಿ ಮಡಚಿದ ಹಾಳೆ. "ಸರ್, ನಂದೊಂದು ಪ್ರಶ್ನಿ ಐತ್ರಿ" ಅಂತ ಶುರು ಮಾಡಿದರು. ವೇದಿಕೆ ಮೇಲಿದ್ದವರು ನಗುನಗುತ್ತಲೇ, ಬೇರೆ ರಾಜ್ಯದವರೂ ಇದ್ದಾರೆ, ದಯವಿಟ್ಟು ಇಂಗ್ಲಿಷ್‌ನಲ್ಲಿ ಕೇಳಿ ಅಂದರು. ಜೋರಾಗಿ ಏನೂ ಹೇಳಲಿಲ್ಲ, ಒಳ್ಳೆ ಮಾತಿನಲ್ಲೇ ಹೇಳಿದರು. ಆಕೆ ಒಂದು ಸಲ ಹಾಳೆ ನೋಡಿಕೊಂಡರು. ಆಮೇಲೆ "ಇರಲಿ ಬಿಡ್ರಿ ಸರ್" ಅಂದು ಮೈಕು ಪಕ್ಕದವರಿಗೆ ಕೊಟ್ಟು ಕೂತುಬಿಟ್ಟರು. ಮುಂದಿನ ಪ್ರಶ್ನೆಗೆ ಹೋದರು.

ನನಗೆ ಊಟ ಸೇರಲಿಲ್ಲ ಅವತ್ತು. ಹುಡುಕಿಕೊಂಡು ಹೋಗಿ ಅವರ ಪಕ್ಕ ಕೂತೆ. ಅಕ್ಕಾ, ಏನು ಕೇಳಬೇಕು ಅಂತಿದ್ರಿ ಅಂದೆ. ಹಾಳೆ ಬಿಚ್ಚಿ ತೋರಿಸಿದರು. ನೀಲಿ ಇಂಕಿನಲ್ಲಿ ದುಂಡಗೆ ಬರೆದಿದ್ದರು: "ನಮಗ ಒಬ್ಬ ಪೇಶಂಟಿಗೆ ಮೂರು ನಿಮಿಷ ಸಿಗತೈತಿ. ಆ ಮೂರು ನಿಮಿಷದಾಗ ಮೊದಲ ಏನು ಕೇಳಬೇಕು?"

ಎರಡು ದಿನದಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ. ಅದಕ್ಕೆ ಉತ್ತರ ಕೊಡಬಲ್ಲವರು ವೇದಿಕೆ ಮೇಲೆ ನಾಲ್ಕು ಜನ ಕೂತಿದ್ದರು. ಪ್ರಶ್ನೆ ಅವರ ಕಿವಿಗೇ ಬೀಳಲಿಲ್ಲ.

ಈ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಜನ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಶ್ರೀಮಂತ ದೇಶಗಳಲ್ಲೇ ದೀರ್ಘ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಹಾಗಾದರೆ ನಮ್ಮಲ್ಲಿ ಉಳಿದವರಿಗೆ ಏನಾಗುತ್ತಿದೆ ಅಂತ ಕೇಳುವವರು ಯಾರು? ಕೊನೆಗೆ ಅದು ಬಂದು ನಿಲ್ಲುವುದು ಒಬ್ಬ ನರ್ಸ್, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಕೌನ್ಸೆಲರ್ ಹತ್ತಿರ. ಮೂರೇ ನಿಮಿಷಕ್ಕೆ.

"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಅಂತ ಕೇಳಿದರೆ ಎಲ್ಲರೂ "ಹ್ಞೂ" ಅನ್ನುತ್ತಾರೆ. ನಾನೂ ಮೊದಲ ಒಂದು ವರ್ಷ ಹಾಗೇ ಕೇಳಿ, ಹ್ಞೂ ಅಂದದ್ದನ್ನೇ ರಿಜಿಸ್ಟರ್‌ನಲ್ಲಿ ಬರೆದುಕೊಂಡಿದ್ದೇನೆ. ತಪ್ಪು ಅಂತ ಗೊತ್ತಾಗಿದ್ದು ಒಬ್ಬ ಅಜ್ಜಿಯಿಂದ. ಆರು ತಿಂಗಳಿಂದ ತಪ್ಪದೆ ಬರುತ್ತಿದ್ದರು, ಮಾತ್ರೆ ಇಸ್ಕೊಂಡು ಹೋಗುತ್ತಿದ್ದರು, ಶುಗರ್ ಮಾತ್ರ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಎಲೆ ಅಡಿಕೆ ಸಂಚಿ ಬಿಚ್ಚಿ ಟೇಬಲ್ ಮೇಲಿಟ್ಟು ಚಿಲ್ಲರೆ ಹುಡುಕುತ್ತಿದ್ದಾಗ ಅದರೊಳಗಿನಿಂದ ಮೆಟ್‌ಫಾರ್ಮಿನ್ ಸ್ಟ್ರಿಪ್ಪುಗಳು ಬಿದ್ದವು. ಮೂರು ಸ್ಟ್ರಿಪ್ಪು, ಸುಣ್ಣದ ಡಬ್ಬಿ ಜೊತೆ. ಅಂಚೆಲ್ಲ ಸವೆದು ಬೆಳ್ಳಗಾಗಿತ್ತು. ಎರಡೋ ಮೂರೋ ಗುಳಿ ಮಾತ್ರ ಖಾಲಿ.

"ಇದೇನಜ್ಜಿ?" ಅಂದೆ. ಬೈಯಬಾರದು ಅಂತ ಅವತ್ತು ಯಾಕೋ ಅನ್ನಿಸಿತು.

"ಸೀ ತಿಂದ್ ದಿಸ ನುಂಗ್ತೀನಿ ಕಣ್ ಮಗಾ. ತಿನ್ದೇ ಇರೋ ದಿಸ ಯಾಕವ್ವಾ ಸುಮ್ನೆ ದಂಡ ಮಾಡಾದು?"

ಅಜ್ಜಿಯ ಲೆಕ್ಕ ಅವರ ಮಟ್ಟಿಗೆ ಸರಿಯಾಗೇ ಇತ್ತು. ಸಕ್ಕರೆ ಕಾಯಿಲೆ ಅಂತ ಹೆಸರಿಟ್ಟವರು ನಾವು. ಸಿಹಿ ತಿಂದರೆ ಕಾಯಿಲೆ, ತಿನ್ನದಿದ್ದರೆ ಇಲ್ಲ ಅಂತ ಆಕೆ ಅರ್ಥ ಮಾಡಿಕೊಂಡಿದ್ದರು. ಸರ್ಕಾರದ ಮಾತ್ರೆ ಹಾಳು ಮಾಡಬಾರದು ಅಂತ ಜೋಪಾನ ಮಾಡಿಟ್ಟಿದ್ದರು. ಹೊವಾರ್ಡ್ ಲೆವೆಂತಾಲ್ ಅನ್ನುವ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನೇ ಅಮೆರಿಕದ ಬಿಪಿ ರೋಗಿಗಳಲ್ಲಿ ನೋಡಿ 1985ರಲ್ಲಿ ಬರೆದಿದ್ದಾರೆ. ಬಿಪಿ ಏರಿದ್ದು ಯಾರಿಗೂ ಗೊತ್ತಾಗಲ್ಲ ಅಂತ ಬಾಯಲ್ಲಿ ಒಪ್ಪಿಕೊಂಡವರೇ, ನನಗೆ ಮಾತ್ರ ಗೊತ್ತಾಗುತ್ತದೆ ಅಂತ ಒಳಗೊಳಗೇ ನಂಬಿದ್ದರಂತೆ. ತಲೆನೋವು ಬಂದರೆ ಬಿಪಿ ಜಾಸ್ತಿ, ಬಾರದಿದ್ದರೆ ಸರಿ ಇದೆ ಅಂತ. ನಮ್ಮೂರಲ್ಲಿ "ತಲೆ ಸುತ್ತಿದ ದಿನ ಮಾತ್ರೆ" ಅನ್ನುವವರು ಎಷ್ಟು ಜನ ಬೇಕು? ಕಾಯಿಲೆ ಬಗ್ಗೆ ಪ್ರತಿಯೊಬ್ಬರ ತಲೆಯಲ್ಲೂ ಒಂದು ಕಥೆ ಇರುತ್ತದೆ, ಆ ಕಥೆ ಕೇಳದೆ ಮಾತ್ರೆ ಕೊಟ್ಟರೆ ಅದು ಸಂಚಿ ಸೇರುತ್ತದೆ.

ಅವತ್ತಿನಿಂದ ನಾನು "ಈ ವಾರ ಎಷ್ಟು ದಿನ ಮಾತ್ರೆ ತಪ್ಪಿತು?" ಅಂತ ಕೇಳುತ್ತೇನೆ. ತಪ್ಪುವುದು ಸಹಜ ಅಂತ ಪ್ರಶ್ನೆಯಲ್ಲೇ ಒಪ್ಪಿಕೊಂಡ ಹಾಗೆ ಆಗುತ್ತದೆ. ಅವರಿಗೂ ಹೇಳುವ ಧೈರ್ಯ ಬರುತ್ತದೆ. ಎರಡನೇ ದಿನ ಒಬ್ಬ ಚಿಕ್ಕ ವಯಸ್ಸಿನ ಸಂಶೋಧಕಿ ಮಾತಾಡಿದ್ದು ಇದಕ್ಕೆ ಸರಿಯಾಗಿ ಹೊಂದಿತು. ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದ ವಿಷಯ ಅದು. ದಿನಾ ತಗೊಳ್ತೀನಿ ಅಂತ ಸುಮ್ನೆ ನಿರ್ಧಾರ ಮಾಡಿದರೆ ಸಾಲದು, ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ ಅಂತ ಗಂಟು ಹಾಕಿಕೊಳ್ಳಬೇಕು. ಬಂದ ವಾರವೇ ಶುರು ಮಾಡಿದೆ. ರಾತ್ರಿ ಮುದ್ದೆ ಮುರಿಯುವ ಮೊದಲು ಮಾತ್ರೆ ತಟ್ಟೆ ಪಕ್ಕದಲ್ಲಿರಬೇಕು, ಮುದ್ದೆ ಉಂಡು ಕೈ ತೊಳೆದ ತಕ್ಷಣ ಮಾತ್ರೆ. ಗಡಿಯಾರ ನೋಡದವರಿಗೂ ಇದು ನೆನಪಿರುತ್ತದೆ. ಇಷ್ಟು ಒಳ್ಳೆಯ ವಿಷಯ ಆ ಹಾಲ್‌ನೊಳಗೇ ಉಳಿದುಹೋಗಬಾರದು ಅಲ್ವಾ?

ಈಗ ಭಾಷೆ ವಿಷಯ. ನನ್ನ ಹೊಟ್ಟೆ ಉರಿಯುವುದು ಇಲ್ಲೇ.

ನಮಗೆ ಒಂದು ಸಲ ಒಂದು ಫಾರಂ ಕೊಟ್ಟಿದ್ದರು. "ಕಳೆದ ಎರಡು ವಾರಗಳಲ್ಲಿ ನೀವು ಖಿನ್ನತೆಯನ್ನು ಅನುಭವಿಸಿದ್ದೀರಾ?" ಅಂತ ಕೇಳಬೇಕು. ಕೇಳಿದೆ. ಐವತ್ತು ಜನರಲ್ಲಿ ಒಬ್ಬರೂ ಹೌದು ಅನ್ನಲಿಲ್ಲ. ಖಿನ್ನತೆ ಅನ್ನುವ ಪದ ಪೇಪರ್‌ನಲ್ಲಿ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ನಮ್ಮ ಕಡೆ ಜನ "ಎದೆ ಡವಡವ ಅಂತದೆ", "ಕೈಕಾಲು ಸೇದ್ತದೆ", "ಏನೂ ಬ್ಯಾಡ ಅನ್ನಿಸ್ತದೆ" ಅನ್ನುತ್ತಾರೆ. ಧಾರವಾಡದ ಕಡೆ "ಜೀವಕ್ಕ ಸಮಾಧಾನ ಇಲ್ರಿ" ಅನ್ನುತ್ತಾರೆ. ಕರಾವಳಿಯಲ್ಲಿ "ಮಂಡೆಬಿಸಿ". ಇನ್ನು "ಬೇಜಾರು" ಅನ್ನುವ ಒಂದೇ ಪದದಲ್ಲಿ ದುಃಖ, ಸಾಕಾಗಿದೆ ಅನ್ನುವುದು, ಯಾರ ಮೇಲೋ ಸಿಟ್ಟು ಎಲ್ಲ ಇರುತ್ತದೆ. ಯಾವ ಬೇಜಾರು ಅಂತ ಬಿಡಿಸಿ ಕೇಳಬೇಕು. ಅದು ಬರುವುದು ಆ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ. ಹಾಗಾಗಿ ನರ್ಸ್ ಕೈಯಿಂದ ಮೈಕು ವಾಪಸ್ ಹೋಯಿತು ಅಂದರೆ ಆ ಹಾಲ್‌ನಿಂದ ಅಷ್ಟೂ ಅನುಭವ ಎದ್ದು ಹೊರಗೆ ಹೋದ ಹಾಗೆ.

ಬೇರೆ ರಾಜ್ಯದವರು ಇದ್ದರು, ನಿಜ. ಆದರೆ ಟೆಲಿ-ಮಾನಸ್ ನೋಡಿ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ, 14416ಕ್ಕೆ ಫೋನ್ ಮಾಡಿದರೆ ಭಾಷೆ ಆರಿಸಿಕೊಂಡು ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಹೊಣೆ ನಮ್ಮ ನಿಮ್ಹಾನ್ಸ್‌ದು. ದೇಶಕ್ಕೆಲ್ಲ ಹಲವು ಭಾಷೆಗಳಲ್ಲಿ ಫೋನ್ ತೆಗೆಯುವ ಏರ್ಪಾಡು ಮಾಡಲು ಆಗುತ್ತದೆ ಅಂದರೆ, ಒಂದು ಹಾಲ್‌ನಲ್ಲಿ ಒಂದು ಪ್ರಶ್ನೆಯನ್ನು ಪಕ್ಕದವರು ಇಂಗ್ಲಿಷ್‌ಗೆ ಹೇಳಲು ಆಗುವುದಿಲ್ಲವೇ? ಅರ್ಧ ನಿಮಿಷದ ಕೆಲಸ. ಕನ್ನಡದಲ್ಲಿ ಇದೆಲ್ಲ ಹೇಳಲು ಬರುವುದಿಲ್ಲ ಅನ್ನುವ ಮಾತಂತೂ ಬೇಡವೇ ಬೇಡ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಕನ್ನಡದಲ್ಲಿ ಬರೆದು ತೋರಿಸಿದ್ದಾರೆ.

ಮತ್ತೆ, ಈ ಕೆಲಸದ ದಾರಿ ಹಾಕಿದ್ದೇ ನಮ್ಮ ರಾಜ್ಯ. 1975ರ ಹೊತ್ತಿಗೆ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿಗಳಿಗೆ ಹೋಗಿ ಮಾನಸಿಕ ಕಾಯಿಲೆಯವರನ್ನು ನೋಡಲು ಶುರು ಮಾಡಿದರು. 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳನ್ನು ಅಲ್ಲಲ್ಲೇ ನೋಡುವಂತೆ ಮಾಡಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಲ್ಲೂ ಜಾರಿಗೆ ತಂದಿತು. ದೊಡ್ಡ ಆಸ್ಪತ್ರೆಯ ತಜ್ಞರು ಎಲ್ಲ ಕಡೆ ಇರಲು ಸಾಧ್ಯವಿಲ್ಲ, ಊರಲ್ಲೇ ಇರುವವರಿಗೆ ಕಲಿಸಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಅಂಥ ರಾಜ್ಯದಲ್ಲಿ ನಡೆಯುವ ಕಾನ್ಫರೆನ್ಸ್‌ನ ವೇದಿಕೆಯಲ್ಲಿ ಆ ಊರಲ್ಲೇ ಇರುವವರು ಒಬ್ಬರೂ ಇಲ್ಲ ಅಂದರೆ ಹೇಗೆ?

ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಹರಾರೆ ನಗರದ ಒಂದು ಬಡ ಬಡಾವಣೆಯಲ್ಲಿ 14 ಜನ ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ ಹೊರಗೆ ಒಂದು ಮರದ ಬೆಂಚು. ಅಲ್ಲಿ ಕೂತು ಅಜ್ಜಿ ಕಷ್ಟ ಕೇಳುತ್ತಾರೆ. ಅವರು ಬಳಸುವ ಪದ ಕುಫುಂಗಿಸಿಸಾ. ಶೋನಾ ಭಾಷೆಯಲ್ಲಿ ಅದರ ಅರ್ಥ ಅತಿಯಾಗಿ ಯೋಚಿಸುವುದು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. "ತುಂಬಾ ಯೋಚ್ನೆ ಮಾಡ್ತಾಳೆ ಮೇಡಂ" ಅಂತ ಹೆಂಡತಿಯನ್ನು ಕರೆದುಕೊಂಡು ಬರುವ ಗಂಡಂದಿರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಅಜ್ಜಿಯರ ಜೊತೆ ಕೂತವರಿಗೆ ಆರು ತಿಂಗಳ ಮೇಲೆ ನೋಡಿದಾಗಲೂ ಸಂಕಟ ಕಡಿಮೆಯಾಗಿತ್ತು ಅಂತ 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಅಧ್ಯಯನವನ್ನು ನಮ್ಮ ಕಾನ್ಫರೆನ್ಸ್‌ನಲ್ಲಿ ಇಬ್ಬರು ಹೊಗಳಿದರು. ಹೊಗಳಲಿ. ನಮ್ಮಲ್ಲೂ ಅಂಥ ಹೆಣ್ಣುಮಕ್ಕಳಿದ್ದಾರೆ, ಆಶಾ ಕಾರ್ಯಕರ್ತೆಯರು, ಮನೆ ಮನೆ ಬಾಗಿಲು ತಟ್ಟುತ್ತಾರೆ. ಅವರು ತಮ್ಮ ಗೌರವಧನಕ್ಕೋಸ್ಕರ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಯೋಗಕ್ಷೇಮದ ಬಗ್ಗೆ ಮಾತಾಡುವಾಗ ಅವರ ಯೋಗಕ್ಷೇಮವನ್ನೂ ಸೇರಿಸಿ ಮಾತಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಮುಂದಿನ ಸಲ ಅರ್ಧ ದಿನ ಕನ್ನಡದಲ್ಲಿ ನಡೆಸಿ. ಬೇರೆಯವರಿಗೆ ಇಂಗ್ಲಿಷ್‌ನಲ್ಲಿ ಹೇಳುವವರನ್ನು ಕೂರಿಸಿ. ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಫೀಸು ಬೇಡ, ಅವರಿಗೆ ಅದು ಡ್ಯೂಟಿ ಅಂತ ಲೆಕ್ಕವಾಗಲಿ, ರಜೆ ಹಾಕಿ ಬರುವಂತೆ ಆಗಬಾರದು. ಹತ್ತು ವರ್ಷ ಶುಗರ್ ಜೊತೆ ಬದುಕಿದ ಒಬ್ಬರನ್ನಾದರೂ ವೇದಿಕೆಗೆ ಕರೆಯಿರಿ. ಸಂಘಟಕರಿಗೆ ಇಷ್ಟನ್ನೂ ಪತ್ರ ಬರೆದು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಬರುತ್ತದೆ ಅಂತ ನಂಬಿದ್ದೇನೆ. ನಿಮ್ಮೂರಲ್ಲಿ ಮನಸ್ಸಿನ ಸಂಕಟಕ್ಕೆ ಜನ ಏನಂತಾರೆ ಅಂತ ಇಲ್ಲಿ ಬರೆದರೆ ನನಗೆ ದೊಡ್ಡ ಉಪಕಾರ. ಒಂದು ಪಟ್ಟಿ ಮಾಡುತ್ತಿದ್ದೇನೆ.

ಹೋದ ವಾರ ಆ ನರ್ಸ್ ಅಕ್ಕನಿಗೆ ಫೋನ್ ಮಾಡಿದ್ದೆ. ನಿಮ್ಮ ಪ್ರಶ್ನೆಗೆ ನೀವೇ ಏನು ಉತ್ತರ ಕೊಡ್ತೀರಿ ಅಕ್ಕಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಿನ್ನಿ ರಾತ್ರಿ ಮನಿಯಾಗ ಅಡಗಿ ಯಾರ್ ಮಾಡಿದ್ರು ಅಂತ ಕೇಳತೀನ್ರಿ. ಮೊದಲ ಅದನ್ನ ಕೇಳತೀನಿ."

ಒಬ್ಬ ಮುದುಕರಿಗೆ ಹಾಗೆ ಕೇಳಿದರಂತೆ. "ನಾನಾ ಮಾಡಕೊಂಡ್ನೆವ್ವಾ" ಅಂದವರು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರಂತೆ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮೂರು ಸಲ ಕ್ಲಿನಿಕ್‌ಗೆ ಬಂದು ಹೋಗಿದ್ದರು, ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ಎಣಿಸಿ ಕೊಡುತ್ತಿದ್ದವಳು ಆಕೆ. ಚೀಟಿಯಲ್ಲಿ ಮಾತ್ರ "ಮಾತ್ರೆ ಸರಿಯಾಗಿ ತಗೊಳ್ಳುತ್ತಿಲ್ಲ" ಅಂತ ಇತ್ತು.

ಮುಂದಿನ ವರ್ಷ ಬನ್ನಿ ಅಕ್ಕಾ, ವೇದಿಕೆ ಮೇಲೆ ನಿಂತು ಇದನ್ನೇ ಹೇಳಿ, ಇಂಗ್ಲಿಷ್‌ನಲ್ಲಿ ನಾನು ಹೇಳ್ತೀನಿ ಅಂದೆ. ಒಪ್ಪಿಕೊಂಡಿದ್ದಾರೆ. ಬುಧವಾರ ಒಂದು ಬೇಡ ಅಂದರು, ಅವತ್ತು ಅವರ ಶುಗರ್ ಕ್ಲಿನಿಕ್ ಇರುತ್ತದೆ.