ಸ್ಟಿಕರ್ ಕೆಳಗೆ ಇನ್ನೊಂದು ಸ್ಟಿಕರ್

ಒಂದು ಕಾಮಿಕ್ಸ್ ಪುಸ್ತಕದ ರೇಟು. 75ರ ಮೇಲೆ 110. 110ರ ಮೇಲೆ 140. ಕಣ್ಣಾರೆ ನೋಡಿದೆ. ನನ್ನ ಮಗಳ ಉಗುರೇ ಸಾಕ್ಷಿ.

ಈಗ ರಾತ್ರಿ ಹನ್ನೊಂದು ದಾಟಿದೆ. "ಒಂದ್ ಪುಸ್ತಕದ ಸಲುವಾಗಿ ಎಷ್ಟ್ ತಲಿ ತಿಂತಿ, ಮಕ್ಕೋ ಸುಮ್ಕ" ಅಂತ ಹೇಳಿ ನಮ್ಮ ಮನೆಯವರು ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ನಿದ್ದೆ ಇಲ್ಲ. ಸಂಜೆಯಿಂದ ಒಂದೇ ಬ್ಲೌಸಿನ ತೋಳನ್ನು ಎರಡು ಸಲ ಉಲ್ಟಾ ಹಚ್ಚಿ ಬಿಚ್ಚಿದೆ. ಅದೂ ಯಾರದ್ದು? ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಆಕೆಯದೇ. ರಾಶಿ ಬಿದ್ದ ಬಟ್ಟೆಯಲ್ಲಿ ಇವತ್ತೇ ಆಕೆಯದು ಕೈಗೆ ಬರಬೇಕಾ?

ಮೊದಲೇ ಹೇಳಿಬಿಡುತ್ತೇನೆ. ನಾನು ಕಂಜೂಸಿ ಅಲ್ಲ. ಯಾರ ಮುಂದೆಯೂ ಕೈ ಚಾಚಿದವಳೂ ಅಲ್ಲ. ಬ್ಲೌಸ್ ಹೊಲಿಯುತ್ತೇನೆ, ಫಾಲ್ ಹಚ್ಚುತ್ತೇನೆ, ಪೀಕೋ ಮಾಡುತ್ತೇನೆ. ಮಗಳು ನಾಲ್ಕನೇ ಕ್ಲಾಸು. ಪರೀಕ್ಷೆ ಮುಗಿದ ಮೇಲೆ ಎರಡು ಕಾಮಿಕ್ಸ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಎರಡು ವರ್ಷದ ಹಿಂದೆ ಇದೇ ಪುಸ್ತಕದ ಸಾಲಿನಲ್ಲಿ ಒಂದು ತಂದಾಗ 75 ರೂಪಾಯಿ ಇತ್ತು. ಹೆಚ್ಚೆಂದರೆ 80 ಆಗಿರಬಹುದು, ಎರಡಕ್ಕೆ 160, ಉಳಿದ ದುಡ್ಡಿನಲ್ಲಿ ಇಬ್ಬರಿಗೂ ಗಿರ್ಮಿಟ್ಟು ಅಂತ ಲೆಕ್ಕ ಹಾಕಿ ಇನ್ನೂರು ರೂಪಾಯಿ ನೋಟು ಹಿಡಿದುಕೊಂಡು ನವನಗರದಿಂದ ಹಳೇ ಬಾಗಲಕೋಟೆಗೆ ಹೊರಟೆ. ಬಸ್ಸಿಗೆ ಖರ್ಚಿಲ್ಲ, ಶಕ್ತಿ ಯೋಜನೆ. ಇಬ್ಬರಿಗೂ ಸೊನ್ನೆ ಟಿಕೆಟ್. ಏನು ಖುಷಿ ಅಂತೀರಿ ನನಗೆ! ಇನ್ನೂರರಲ್ಲಿ ರಾಣಿ ಹಾಗೆ ಹೋಗಿ ಬರುತ್ತೇನೆ ಅಂದುಕೊಂಡಿದ್ದೆ.

ಅಂಗಡಿ ಯಾವುದು ಅಂತ ಹೇಳುವುದಿಲ್ಲ. ಕಂಪನಿ ಹೆಸರೂ ಬೇಡ. ಹೆಸರು ಹೇಳಿ ನನಗೇನು ಆಗಬೇಕಿದೆ?

ಮಗಳು ಎರಡು ಆರಿಸಿದಳು. ಆರಿಸಿದಳು ಅಂದರೆ ಹೊರಗಿನ ಚಿತ್ರ ನೋಡಿ ಆರಿಸಿದಳು, ಯಾಕೆಂದರೆ ಈಗ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಒಳಗೆ ತೆರೆದು ನೋಡುವ ಹಾಗಿಲ್ಲ. ಒಂದರ ಪ್ಲಾಸ್ಟಿಕ್ ಮಾತ್ರ ಹರಿದಿತ್ತು. ಹಿಂದಿನ ರಟ್ಟಿನ ಮೂಲೆಯಲ್ಲಿ ಬಿಳಿ ಸ್ಟಿಕರ್, 140. ಅದರ ಅಂಚು ಸ್ವಲ್ಪ ಎದ್ದಿತ್ತು. ಮಕ್ಕಳ ಕೈ ಸುಮ್ನೆ ಇರುತ್ತದೆಯೇ? ಉಗುರಿನಿಂದ ಕೆದರಿದಳು. ಕೆಳಗೆ ಇನ್ನೊಂದು ಸ್ಟಿಕರ್, 110. "ಮಮ್ಮಿ, ಇದರ ಕೆಳಗೂ ಐತಿ!" ಅಂತ ಲಾಟರಿ ಹತ್ತಿದವರ ಹಾಗೆ ಕೂಗಿದಳು. ಅದನ್ನೂ ಎಬ್ಬಿಸಿದಳು. ಅಚ್ಚಿನಲ್ಲೇ ಇತ್ತು, 75.

"ಏ ಬೇಬಿ! ಸ್ಟಿಕರ್ ಕೀಳಬ್ಯಾಡ! ಅಕ್ಕಾರ, ಹುಡುಗಿಗೆ ಸ್ವಲ್ಪ ಹೇಳ್ರಿ!" ಕೌಂಟರಿನ ಹುಡುಗ ಕೂಗಿದ.

ಅಂಗಡಿ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ನಾವೇನೋ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹೊರಟವರ ಹಾಗೆ. ಮಗಳ ಬೆರಳಿಗೆ ಆ ಸ್ಟಿಕರ್ ಅಂಟಿಕೊಂಡಿತ್ತು. ಝಾಡಿಸಿದರೂ ಬೀಳಲಿಲ್ಲ. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ನಾನು ಕೇಳಿದೆ, "ಅಲ್ರೀ, ಅಚ್ಚಿನ್ಯಾಗ 75 ಐತಲ್ಲ?"

"ಅದು ಹಳೇದ್ರಿ. ಕಂಪನಿಯವ್ರ ಹೊಸ ರೇಟ್ ಕಳಸ್ಯಾರ."

"ಪುಸ್ತಕಾನೂ ಹಳೇದ ಐತಲ್ರಿ?"

ಇದಕ್ಕೆ ಅವನು ಉತ್ತರ ಕೊಡಲಿಲ್ಲ. ನನ್ನ ಹಿಂದಿನವರನ್ನು ನೋಡಿ "ನಿಮ್ಮದೇನ್ರಿ?" ಅಂದ. ಅದೇ ಹಳೇ ಕಾಗದ, ಅದೇ ಹಳೇ ಮಸಿ, ಎರಡು ವರ್ಷ ಆ ಕಪಾಟಿನಲ್ಲಿ ಧೂಳು ತಿಂದು ಕೂತ ಪುಸ್ತಕ. ಕೂತಲ್ಲೇ ಅದಕ್ಕೆ ಎರಡು ಸಲ ಪ್ರಮೋಷನ್! ಇದು ಸರಿಯಾ? ಕಾನೂನು ಏನು ಹೇಳುತ್ತದೆ? ಗೊತ್ತಿದ್ದವರು ಯಾರಾದರೂ ಹೇಳಿ. "ಎಲ್ಲ ಕಡೆ ಹಂಗ ಐತಿ" ಅನ್ನುವ ಉತ್ತರ ಮಾತ್ರ ಬೇಡ, ಅದನ್ನು ಮನೆಯಲ್ಲೇ ಕೇಳಿ ಆಯಿತು.

ಎರಡಕ್ಕೆ 280. ನನ್ನ ಕೈಯಲ್ಲಿ 200. ಪುಣ್ಯಕ್ಕೆ ಫೋನ್‌ಪೇ ಇದೆ ಅನ್ನಬೇಡಿ, ಅದರಲ್ಲಿ ಎಷ್ಟಿದೆ ಅಂತ ನನಗೆ ಗೊತ್ತು.

ಆಗ ನನ್ನ ಮಗಳು ಹೇಳಿದ್ದು: "ಮಮ್ಮಿ, ನಾ ಇಲ್ಲೇ ನಿಂತು ಲಗೂನ ಓದಿ ಬಿಡ್ಲೇನು? ತಗೊಳ್ಳೂದು ಬ್ಯಾಡ."

ಸಣ್ಣ ದನಿಯಲ್ಲಿ ಹೇಳಿದಳು ಅಂದುಕೊಂಡಿರಾ? ಇಲ್ಲ. ಕ್ಲಾಸಿನಲ್ಲಿ ಪದ್ಯ ಹೇಳುವ ದನಿ. ನನಗೆ ಉಪಕಾರ ಮಾಡುತ್ತಿದ್ದೇನೆ ಅನ್ನುವ ಮುಖ. ಕೌಂಟರಿನ ಹುಡುಗ ನಕ್ಕ. ಒಬ್ಬರು ಹಿರಿಯರು "ಶಾಣ್ಯಾ ಹುಡುಗಿ" ಅಂದರು. ನಾನೂ ನಕ್ಕೆ. ಯಾಕೆ ನಕ್ಕೆ? ಅಳುವುದಕ್ಕಿಂತ ವಾಸಿ ಅಂತ ಇರಬೇಕು. ಸಂಜೆಯಿಂದ ಮಷೀನ್ ತುಳಿಯುವಾಗಲೆಲ್ಲ ಆ ನಗು ನೆನಪಾಗಿ ಕಾಲು ನಿಲ್ಲುತ್ತಿದೆ.

ಅಷ್ಟರಲ್ಲಿ ಹಿಂದಿನಿಂದ ಆಕೆಯ ದನಿ. ನನ್ನ ಹತ್ತಿರವೇ ಬ್ಲೌಸ್ ಹೊಲಿಸುವಾಕೆ. ಮಗನಿಗೆ ಜಪಾನಿನ ಮಾಂಗಾ ಕೊಡಿಸಲು ಬಂದಿದ್ದಳು. ಅದೇ, ಬಲದಿಂದ ಎಡಕ್ಕೆ ಓದುವ ಪುಸ್ತಕ. ಒಳಗೆ ಬಣ್ಣವೂ ಇಲ್ಲ, ಕಪ್ಪು ಬಿಳುಪು. ಒಂದಕ್ಕೆ 499. ಆ ಹುಡುಗ ಮೂರು ಹಿಡಿದುಕೊಂಡಿದ್ದ. ಆಕೆ ಹೇಳಿದಳು, "ಇರ್ಲಿ ಬಿಡ್ರಿ ಅಕ್ಕಾರ, ಕಡಿಮಿ ಬಿದ್ದದ್ದು ನಾ ಕೊಡ್ತೇನಿ. ಬ್ಲೌಸಿನ್ಯಾಗ ಮುರಕೊಳ್ಳಾಕ ಬರ್ತೈತಿ."

ಆಕೆ ಒಳ್ಳೆಯವಳೇ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ಜಾಸ್ತಿ ಉರಿಯುತ್ತಿದೆ. ಕೆಟ್ಟವಳಾಗಿದ್ದರೆ ಬೈದುಕೊಂಡು ಮಲಗಬಹುದಿತ್ತು.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತ ಶುರು ಮಾಡಿದರೆ ನೀವು ನಗುತ್ತೀರಿ. ನಗಿ. ನಾನು ಹುಟ್ಟಿದ್ದು ಹಳೇ ಬಾಗಲಕೋಟೆಯ ಕಿಲ್ಲಾದಲ್ಲಿ, ಈಗ ಮುಳುಗಡೆ. ಆಗ ಪೇಟೆಯಲ್ಲಿ ಒಂದು ಡಬ್ಬಿ ಅಂಗಡಿ. ಪುಸ್ತಕ ಬಾಡಿಗೆಗೆ ಕೊಡುತ್ತಿದ್ದರು. ದಿನಕ್ಕೆ ನಾಲ್ಕಾಣೆ. ಕೊನೆಯ ಹಾಳೆ ಹರಿದು ಹೋಗಿದ್ದರೆ ಹತ್ತು ಪೈಸೆ. ನಮ್ಮ ಅಣ್ಣ ಯಾವಾಗಲೂ ಹತ್ತು ಪೈಸೆಯದನ್ನೇ ತರುತ್ತಿದ್ದ. ಕೊನೆಯ ಹಾಳೆಯ ಕತೆ ತಾನೇ ಕಟ್ಟಿ ಹೇಳುತ್ತಿದ್ದ. ಫ್ಯಾಂಟಮ್, ಮ್ಯಾಂಡ್ರೇಕ್, ಬಹಾದೂರ್ ಎಲ್ಲರೂ ಕೊನೆಗೆ ಬಾಗಲಕೋಟೆಯ ಹೋಳಿಗೆ ಬಂದು ಹಲಗಿ ಬಾರಿಸಿ ಹೋಗುತ್ತಿದ್ದರು. ಅದೇ ನಿಜವಾದ ಕತೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಇವರೆಲ್ಲ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾದಾಗ ಬೆಲೆ 60 ಪೈಸೆ ಅಂತೆ. ಕನ್ನಡದಲ್ಲೂ ಬರುತ್ತಿತ್ತು. 1990ರಲ್ಲಿ ನಿಂತಿತು. ನಾವು ಓದಿದ್ದೆಲ್ಲ ನಿಂತ ಮೇಲೆ ಉಳಿದ ಚಿಂದಿ. ಈಗ ಆ ಚಿಂದಿಗೂ ಬೆಲೆ ಬಂದಿದೆ. ರಟ್ಟು ಹರಿದ ಒಂದು ಕನ್ನಡದ ಇಂದ್ರಜಾಲಕ್ಕೆ ಯಾರೋ 800 ಕೇಳಿದರು ಅಂತ ಅಣ್ಣ ಪುಣೆಯಿಂದ ಫೋನ್ ಮಾಡಿ ಹೇಳಿದ್ದ. ಹೊಸದು ಕೊಳ್ಳಲು ಆಗುವುದಿಲ್ಲ, ಹಳೇದು ಕೊಳ್ಳಲು ಇನ್ನೂ ಆಗುವುದಿಲ್ಲ. ಆ ಡಬ್ಬಿ ಅಂಗಡಿಯ ಜಾಗದಲ್ಲಿ ಈಗ ಆಲಮಟ್ಟಿಯ ಹಿನ್ನೀರು. ಬಾಡಿಗೆ ಕೇಳಲು ಮೀನಿನ ಹತ್ತಿರ ಹೋಗಬೇಕು.

ಕನ್ನಡದ್ದು ಅಂದಾಗ ನೆನಪಾಯಿತು. ಮಗಳು ಆರಿಸಿದ ಎರಡೂ ಇಂಗ್ಲಿಷ್. ಕನ್ನಡದ್ದು ಇದೆಯಾ ಅಂದರೆ "ಇಂಗ್ಲಿಷ್ ಐತ್ರಿ, ಹಿಂದಿ ಐತ್ರಿ" ಅಂದ. ಅಮರ ಚಿತ್ರಕಥೆ ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಆ ಸಾಲಿನ ಮೊದಲ ಹತ್ತು ಪುಸ್ತಕ ಬಂದದ್ದೇ ಕನ್ನಡದಲ್ಲಿ. ಅದಕ್ಕೇ ಇಂಗ್ಲಿಷಿನಲ್ಲಿ ಮೊದಲು ಬಂದ 'ಕೃಷ್ಣ' ಹನ್ನೊಂದನೇ ನಂಬರು. ಕನ್ನಡದಲ್ಲಿ ಶುರುವಾದದ್ದು, ಈಗ ಕನ್ನಡದ ಊರಿನ ಅಂಗಡಿಯಲ್ಲಿ ಕನ್ನಡದ್ದು ಕೇಳಿದರೆ ಮುಖ ನೋಡುತ್ತಾರೆ. ಚಂದಮಾಮವಂತೂ ಬರುವುದೇ ಇಲ್ಲ. ಹೋಗಲಿ, ಇದು ಬೇರೆ ಅಳಲು, ಬೇರೆ ದಿನ ಅಳುತ್ತೇನೆ.

ಸಿಟ್ಟಿನಲ್ಲಿ ಗದಗಿನ ಮೈದುನನಿಗೆ ಫೋನ್ ಹಚ್ಚಿದೆ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾನೆ. ಅವನ ಮೇಲೂ ರೇಗಿದೆ, ಪಾಪ. ಅವನು ಹೇಳಿದ: "ವೈನಿ, ಪುಸ್ತಕಕ್ಕ ಜಿಎಸ್‌ಟಿ ಇಲ್ಲ ಖರೇ, ಆದ್ರ ಕಾಗದಕ್ಕ ಐತಿ." 2025ರ ಸೆಪ್ಟೆಂಬರ್ 22ರಿಂದ ಪುಸ್ತಕ ಅಚ್ಚು ಹಾಕುವ ಕಾಗದದ ಮೇಲೆ ಶೇ. 12 ಇದ್ದದ್ದು ಶೇ. 18 ಆಗಿದೆಯಂತೆ. ಶಾಲೆಯ ನೋಟ್‌ಬುಕ್ಕಿನ ಕಾಗದಕ್ಕೆ ಸೊನ್ನೆ ಮಾಡಿದ್ದಾರೆ. ಬರೆಯುವ ಹಾಳೆಗೆ ಸೊನ್ನೆ, ಓದುವ ಹಾಳೆಗೆ ಹದಿನೆಂಟು! ಪುಸ್ತಕಕ್ಕೆ ತೆರಿಗೆ ಇಲ್ಲದ್ದಕ್ಕೆ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ವಾಪಸ್ ಪಡೆಯಲೂ ಆಗುವುದಿಲ್ಲವಂತೆ. ಅದು ನಮ್ಮ ತಲೆಗೇ. ಮೇಲೆ ನಾಲ್ಕು ಬಣ್ಣ ಅಂದರೆ ನಾಲ್ಕು ಪ್ಲೇಟು. ಸಾವಿರ ಅಚ್ಚು ಹಾಕಿದರೂ ಪ್ಲೇಟಿನ ಖರ್ಚು ಅಷ್ಟೇ, ಹತ್ತು ಸಾವಿರ ಹಾಕಿದರೂ ಅಷ್ಟೇ. ಕೊಳ್ಳುವವರು ಕಡಿಮೆ, ಅದಕ್ಕೆ ಅಚ್ಚು ಕಡಿಮೆ, ಅದಕ್ಕೆ ರೇಟು ಜಾಸ್ತಿ. ರೇಟು ಜಾಸ್ತಿ ಅಂತ ಕೊಳ್ಳುವವರು ಇನ್ನೂ ಕಡಿಮೆ. ಗಾಣದ ಎತ್ತು ಕಂಡಂಗಾಯಿತು. ಚಿತ್ರ ಬರೆಯುವವರಿಗೂ ಹೊಟ್ಟೆ ಇದೆಯಲ್ಲ ವೈನಿ ಅಂದ. ಇದೆ. ಇಲ್ಲ ಅಂದವರು ಯಾರು?

ಎಲ್ಲ ಸರಿಯಪ್ಪ. ಆದರೆ ಎರಡು ವರ್ಷದ ಹಿಂದೆ ಅಚ್ಚಾದ ಪುಸ್ತಕಕ್ಕೆ ಮೊನ್ನೆಯ ತೆರಿಗೆ ಹೇಗೆ ಹತ್ತಿತು? ಇದಕ್ಕೆ ಅವನೂ ಸುಮ್ಮನಾದ.

ಇನ್ನೊಂದು. ಮನೆ ಟ್ಯಾಕ್ಸ್ ಕಟ್ಟುವಾಗ ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ಸೇರಿಸಿ ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಮಕ್ಕಳ ಕಾಮಿಕ್ಸ್ ಎಷ್ಟು ಬರುತ್ತವೆ? ಸ್ಪರ್ಧಾ ಪರೀಕ್ಷೆಯ ಪುಸ್ತಕ ಬೇಕು, ಒಪ್ಪಿದೆ. ನಾಲ್ಕನೇ ಕ್ಲಾಸಿನವರು ಇನ್ನೂ ಪಿಡಿಒ ಪರೀಕ್ಷೆ ಕಟ್ಟಿಲ್ಲವಲ್ಲ! ಇದಕ್ಕಾದರೂ ಯಾರಾದರೂ ಉತ್ತರ ಕೊಡಿ.

ಬೇಡ ಬಿಡಿ. ಯಾರೂ ಕೊಡುವುದಿಲ್ಲ.

ಖರೇ ಹೇಳಬೇಕೆಂದರೆ ನಾನು ಇಷ್ಟೆಲ್ಲ ಮಾತಾಡುವ ಹಾಗೂ ಇಲ್ಲ. ದೀಪಾವಳಿಗೆ ಲೈನಿಂಗ್ ಬ್ಲೌಸಿನ ರೇಟನ್ನು 250ರಿಂದ 350ಕ್ಕೆ ಏರಿಸಿದವಳು ನಾನೇ. "ಯಾಕ್ರಿ ಇಷ್ಟ ಜಾಸ್ತಿ?" ಅಂತ ಕೇಳಿದವರಿಗೆ "ಎಲ್ಲ ರೇಟ್ ಏರ್ಯಾವ್ರಿ, ನಾ ಏನ್ ಮಾಡ್ಲಿ" ಅಂದಿದ್ದೆ. ಅಂಗಡಿಯವನ ದನಿಯೇ. ಗೋಡೆಗೆ ಅಂಟಿಸಿದ ರೇಟಿನ ಚೀಟಿಯಲ್ಲಿ 250ರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದೇನೆ. ಈಗ ಎದುರಿಗೇ ಇದೆ. ಹಾಳಾದ್ದು, ಅದರ ಅಂಚೂ ಎದ್ದಿದೆ.

ಆದರೂ ನಾನು ಹಳೇ ಬ್ಲೌಸಿಗೆ ಹೊಸ ರೇಟು ಕೇಳಿಲ್ಲ! ಅಷ್ಟು ವ್ಯತ್ಯಾಸ ಇದೆ ಅಲ್ವಾ?

32 ಪುಟ. ಒಂದು ಪುಟಕ್ಕೆ ನಾಲ್ಕು ರೂಪಾಯಿಗೂ ಮೇಲೆ. ಬಸ್ಸು ವಿದ್ಯಾಗಿರಿ ಮುಟ್ಟುವುದರೊಳಗೆ ಮಗಳು ಒಂದನ್ನು ಓದಿ ಮುಗಿಸಿದ್ದಳು. "ನಿಧಾನಕ್ಕ ಓದ, ಚಿತ್ರಾನೂ ನೋಡ" ಅಂತ ಬೈದೆ. ಓದುವ ಮಗುವಿಗೆ ನಿಧಾನ ಓದು ಅಂತ ಬೈಯುವ ತಾಯಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು, ಬೆರಳಿಟ್ಟುಕೊಂಡು. ನವನಗರದ ಸ್ಟಾಪ್ ಬಂದರೂ ತಲೆ ಎತ್ತಲಿಲ್ಲ. ಇನ್ನೊಂದನ್ನು ತೆರೆದಿಲ್ಲ. ನಾಳೆಗೆ ಅಂತ ದಿಂಬಿನ ಕೆಳಗೆ ಇಟ್ಟು ಮಲಗಿದ್ದಾಳೆ.

ಹೌದು, ಎರಡನ್ನೂ ತಂದೆ. ಯಾರ ಮುಂದೆಯೂ ಕೈ ಚಾಚಿದವಳಲ್ಲ ಅಂತ ಮೇಲೆ ಬರೆದೆನಲ್ಲ. ಚಾಚಲಿಲ್ಲ. ಆಕೆಯೇ 80 ರೂಪಾಯಿ ಕೌಂಟರ್ ಮೇಲೆ ಇಟ್ಟುಬಿಟ್ಟಳು. ನಾನು ಬೇಡ ಅನ್ನಲಿಲ್ಲ.

ಆಕೆಯ ಬ್ಲೌಸು ಬುಧವಾರಕ್ಕೆ ಕೊಡಬೇಕು. ದೀಪಾವಳಿಗೂ ಮುಂಚೆ ತಂದುಕೊಟ್ಟ ಬಟ್ಟೆ. ನನಗೇ ಇಷ್ಟು ದಿನ ಬಿಡುವಾಗಿಲ್ಲ. ಹೊಸ ರೇಟು ಹಿಡಿದು 80 ಮುರಿದರೆ 270 ಬರುತ್ತದೆ. ಹಳೇ ರೇಟಾದರೆ 170. ಬಟ್ಟೆ ಹಳೇದು, ರೇಟು ಯಾವುದು ಹೇಳಲಿ? ಇದಕ್ಕಾದರೂ ಹೇಳಿ ಯಾರಾದರೂ, ಬುಧವಾರದೊಳಗೆ.